ಆಲ್-ಸ್ಟಾರ್ ಪಂದ್ಯಕ್ಕೂ ಎಂವಿಪಿ ಪ್ರಶಸ್ತಿ ಬೇಕಾ?

ಆಲ್-ಸ್ಟಾರ್ ಅಂದರೆ ಲೀಗ್‌ನ ತಾರೆಯರೆಲ್ಲ ಸೇರಿ ಆಡುವ ಪ್ರದರ್ಶನ ಪಂದ್ಯ; ಎಂವಿಪಿ ಅಂದರೆ ಆ ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಪ್ರಶಸ್ತಿ.

ಪರ: ಕೊಡಲಿ ಬಿಡಿ

1991ರ ನವೆಂಬರ್‌ನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಾರೆ ಮ್ಯಾಜಿಕ್ ಜಾನ್ಸನ್ ತಮಗೆ ಎಚ್‌ಐವಿ ಇದೆ ಎಂದು ಹೇಳಿ ನಿವೃತ್ತಿ ಘೋಷಿಸಿದರು. ಆ ಸೀಸನ್‌ನಲ್ಲಿ ಲೀಗ್‌ನ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೂ 1992ರ ಫೆಬ್ರವರಿಯಲ್ಲಿ ಒರ್ಲ್ಯಾಂಡೊದಲ್ಲಿ ನಡೆದ ಎನ್‌ಬಿಎ ಆಲ್-ಸ್ಟಾರ್ ಪಂದ್ಯಕ್ಕೆ ಅಭಿಮಾನಿಗಳು ವೋಟು ಹಾಕಿ ಅವರನ್ನು ಕರೆಸಿದರು. ಅವರ ಜೊತೆ ಆಡಲು ಕೆಲವು ಆಟಗಾರರಿಗೇ ಅಳುಕಿತ್ತು. ಬೆವರು ತಾಗಿದರೂ ಏನಾಗುತ್ತೋ ಎಂಬ ಭಯದ ಕಾಲ ಅದು. ಮ್ಯಾಜಿಕ್ 25 ಪಾಯಿಂಟ್ ಗಳಿಸಿದರು, 9 ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕುವಂತೆ ಕೊಡುವ ಪಾಸ್) ಕೊಟ್ಟರು, ಕೊನೆಗೆ ದೂರದಿಂದ ಒಂದು ತ್ರೀ-ಪಾಯಿಂಟರ್ ಹಾಕಿದರು. ಎದುರಾಳಿಗಳೂ ಬಂದು ಅಪ್ಪಿಕೊಂಡರು. ಎಂವಿಪಿ ಅವರಿಗೇ ಹೋಯಿತು. ಅವರ ವೆಸ್ಟ್ ತಂಡ ಅಂದು 153-113ರಿಂದ ಗೆದ್ದಿತ್ತು ಅನ್ನೋದು ಈಗ ಯಾರಿಗೆ ನೆನಪಿದೆ?

ಇಂಥ ಪಂದ್ಯದಲ್ಲಿ ಯಾರು ಗೆದ್ದರೂ ಲೀಗ್ ಪಟ್ಟಿ ಬದಲಾಗಲ್ಲ. ಹಾಗಾಗಿ ಇಲ್ಲಿ ಪ್ರಶಸ್ತಿಯನ್ನು ಸ್ವಲ್ಪ ಧಾರಾಳವಾಗಿ ಕೊಡಬಹುದು. 2016ರಲ್ಲಿ ಐಸ್ ಹಾಕಿಯ ಎನ್‌ಎಚ್‌ಎಲ್‌ನಲ್ಲಿ ಆಗಿದ್ದೂ ಅದೇ. ಜಾನ್ ಸ್ಕಾಟ್ ಅಂತ ಒಬ್ಬ ಹೊಡೆದಾಟದ ಆಟಗಾರ. ಅಲ್ಲಿಯವರೆಗಿನ ವೃತ್ತಿಯಲ್ಲಿ ಗಳಿಸಿದ್ದು ಬರೀ 5 ಗೋಲು. ಜನ ತಮಾಷೆಗೆ ಅವರಿಗೇ ವೋಟು ಹಾಕಿ ಗೆಲ್ಲಿಸಿದರು. ಅಷ್ಟರಲ್ಲಿ ಅರಿಜೋನಾ ತಂಡ ಅವರನ್ನು ಮಾಂಟ್ರಿಯಲ್‌ಗೆ ಕೊಟ್ಟಿತು, ಮಾಂಟ್ರಿಯಲ್ ಕೆಳಗಿನ ಲೀಗ್‌ಗೆ ಕಳಿಸಿತು. ಆದರೂ ಆಲ್-ಸ್ಟಾರ್ ನಡೆದ ನ್ಯಾಶ್‌ವಿಲ್‌ಗೆ ಬಂದರು, ನಾಯಕರಾಗಿ ಎರಡು ಗೋಲು ಹೊಡೆದರು, ತಂಡ ಗೆದ್ದಿತು. ಎಂವಿಪಿ ವೋಟಿಂಗ್ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಜನ ಟ್ವಿಟರ್‌ನಲ್ಲಿ ಹೆಸರು ಬರೆದು ಬರೆದು ಪ್ರಶಸ್ತಿ ಕೊಡಿಸಿದರು. ಲೀಗ್‌ನ ಲೆಕ್ಕಾಚಾರವನ್ನು ಪ್ರೇಕ್ಷಕರು ಹೀಗೆ ತಲೆಕೆಳಗು ಮಾಡಲು ಬೇರೆ ಎಲ್ಲಿ ಅವಕಾಶವಿದೆ ಹೇಳಿ.

ವಿರೋಧ: ಯಾವುದಕ್ಕೆ ಕೊಡ್ತಿದ್ದೀರಿ?

ಮ್ಯಾಜಿಕ್ ಕಥೆಗೆ ನಾನೂ ಸೋಲುತ್ತೇನೆ. ಆದರೆ ಅಂಥದ್ದು ಎಷ್ಟು ವರ್ಷಕ್ಕೊಮ್ಮೆ?

2025ರ ಜುಲೈನಲ್ಲಿ ಅಟ್ಲಾಂಟಾದಲ್ಲಿ ನಡೆದ ಬೇಸ್‌ಬಾಲ್ ಆಲ್-ಸ್ಟಾರ್ ನೋಡಿ. ಒಂಬತ್ತು ಇನಿಂಗ್ಸ್ ಮುಗಿದಾಗ 6-6. ಟೈ ಮುರಿಯಲು ಹೊಸ ನಿಯಮ ಬಂದಿತ್ತು: ಎರಡೂ ಕಡೆಯಿಂದ ಮೂವರು ಬ್ಯಾಟರ್‌ಗಳು, ಒಬ್ಬೊಬ್ಬರಿಗೆ ಮೂರು ಸಲ ಬೀಸಲು ಅವಕಾಶ, ಹೆಚ್ಚು ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಹೊಡೆದ ಕಡೆ ಗೆದ್ದಂತೆ. ಆಡುತ್ತಿದ್ದ ಎರಡು ತಂಡಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಕೈಲ್ ಶ್ವಾರ್ಬರ್ ಮೂರಕ್ಕೆ ಮೂರನ್ನೂ ಹೊರಗೆ ಕಳಿಸಿ ಎಂವಿಪಿ ಆದರು. ನೋಡೋಕೆ ಮಜವಾಗಿತ್ತು, ಒಪ್ಪಿದೆ. ಆದರೆ ನಿಜವಾದ ಪಂದ್ಯದಲ್ಲಿ ಅವರದು ಒಂದೇ ಒಂದು ಹಿಟ್ (ಬೇಸ್ ತಲುಪಿಸುವ ಹೊಡೆತ) ಇಲ್ಲ! ಅದೇ ತಂಡದ ಪೀಟ್ ಅಲೊನ್ಸೊ ಮೂರು ರನ್ ತಂದ ಹೋಮ್ ರನ್ ಹೊಡೆದಿದ್ದರು. ಹಾಗಾದರೆ ಆ ಒಂಬತ್ತು ಇನಿಂಗ್ಸ್ ಆಡಿದ್ದು ಸುಮ್ನೆನಾ?

ಎನ್‌ಬಿಎ ಕಥೆ ಇನ್ನೂ ಕೆಟ್ಟದು. 2024ರ ಸ್ಕೋರು 211-186. ಯಾರೂ ಯಾರನ್ನೂ ತಡೆಯಲೇ ಇಲ್ಲ. ಗೆದ್ದ ತಂಡದ ಡೇಮಿಯನ್ ಲಿಲರ್ಡ್ 39 ಪಾಯಿಂಟ್‌ಗೆ ಎಂವಿಪಿ, ಸೋತ ತಂಡದ ಕಾರ್ಲ್-ಆಂಟನಿ ಟೌನ್ಸ್ 50 ಹೊಡೆದೂ ಬರಿಗೈ. 1962ರ ಆಲ್-ಸ್ಟಾರ್‌ನಲ್ಲಿ ವಿಲ್ಟ್ ಚೇಂಬರ್ಲಿನ್ ಹೊಡೆದ 42 ಪಾಯಿಂಟ್‌ನ ದಾಖಲೆ 55 ವರ್ಷ ಉಳಿದಿತ್ತು. 2017ರಲ್ಲಿ ಆಂಟನಿ ಡೇವಿಸ್ ಅದನ್ನು 52ಕ್ಕೆ ಏರಿಸಿದರು, 2023ರಲ್ಲಿ ಜೇಸನ್ ಟೇಟಮ್ 55ಕ್ಕೆ. ಇವರು ವಿಲ್ಟ್‌ಗಿಂತ ದೊಡ್ಡವರಾದರು ಅಂತಲ್ಲ, ಎದುರಿಗೆ ನಿಂತವರು ದಾರಿ ಬಿಟ್ಟರು ಅಷ್ಟೆ. ಹೀಗಿರುವಾಗ ಜಾಸ್ತಿ ಶಾಟ್ ಹೊಡೆದವರಿಗೆ ಬಹುಮಾನ ಇಟ್ಟರೆ ಡಿಫೆನ್ಸ್ ಯಾರು ಆಡ್ತಾರೆ?

ಪ್ರಶಸ್ತಿ ಇಲ್ಲದೆಯೂ ಪಂದ್ಯ ಮುಗಿಯುತ್ತದೆ. 2002ರಲ್ಲಿ ಬೇಸ್‌ಬಾಲ್ ಆಲ್-ಸ್ಟಾರ್ ಎಂವಿಪಿಗೆ ಆಗತಾನೇ ತೀರಿಕೊಂಡಿದ್ದ ಹಳೆಯ ತಾರೆ ಟೆಡ್ ವಿಲಿಯಮ್ಸ್ ಹೆಸರಿಟ್ಟರು. ಅದೇ ವರ್ಷ ಮಿಲ್ವಾಕಿಯಲ್ಲಿ 11 ಇನಿಂಗ್ಸ್ ಆಗುವಷ್ಟರಲ್ಲಿ ಎರಡೂ ತಂಡಗಳಲ್ಲಿ ಚೆಂಡೆಸೆಯುವ ಪಿಚರ್‌ಗಳು ಖಾಲಿ. 7-7ಕ್ಕೆ ಆಟ ನಿಲ್ಲಿಸಿದರು, ಪ್ರಶಸ್ತಿ ಯಾರಿಗೂ ಕೊಡಲಿಲ್ಲ. ಜನ ರೇಗಿ ಬೊಬ್ಬೆ ಹಾಕಿದ್ದು ನಿಜ. ಆದರೆ ಅದು ಪಂದ್ಯ ಅರ್ಧಕ್ಕೆ ನಿಂತಿದ್ದಕ್ಕೆ, ಎಂವಿಪಿ ಇಲ್ಲ ಅನ್ನೋದಕ್ಕಲ್ಲ.