ಜೋಶ್ನಾ ಚಿನ್ನಪ್ಪ: 2005ರಿಂದ 2016ರವರೆಗಿನ ಹನ್ನೊಂದು ವರ್ಷ

ಸ್ಕ್ವಾಷ್ ಆಟಗಾರ್ತಿ ಜೋಶ್ನಾ ಚಿನ್ನಪ್ಪ ಅಂದ ಕೂಡಲೇ ನಮ್ಮಲ್ಲಿ ಬರುವ ಮಾತು ಎರಡು: ಚೆನ್ನೈಯಲ್ಲಿ ಬೆಳೆದ ಕೊಡವರ ಮನೆಮಗಳು, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಡಬಲ್ಸ್ ಚಿನ್ನ. ಆದರೆ ಮಗಳ ಕೈಗೆ ಸ್ಕ್ವಾಷ್ ರಾಕೆಟ್ ಕೊಟ್ಟಿರುವ ಅಪ್ಪ ಅಮ್ಮಂದಿರು ಗಮನಿಸಬೇಕಾದ್ದು ಬೇರೆಯೇ ಇದೆ. ಬ್ರಿಟಿಷ್ ಜೂನಿಯರ್ ಓಪನ್‌ನ 19 ವರ್ಷದೊಳಗಿನವರ ಪ್ರಶಸ್ತಿ ಆಕೆಗೆ ಸಿಕ್ಕಿದ್ದು 2005ರಲ್ಲಿ. ವಿಶ್ವದ ಮೊದಲ ಹತ್ತರೊಳಗೆ ಬಂದದ್ದು 2016ರಲ್ಲಿ. ಈ ಹನ್ನೊಂದು ವರ್ಷದ ಲೆಕ್ಕ ಅರ್ಥವಾಗದೆ, ಇಪ್ಪತ್ತೊಂದಕ್ಕೇ ಆಟ ಬಿಡಿಸಬೇಡಿ ಅನ್ನುವುದಷ್ಟೇ ನನ್ನ ಮಾತು.

ಜೂನಿಯರ್ ಆಟದಲ್ಲಿ ಬಲವಾಗಿ ಹೊಡೆದರೆ ಪಾಯಿಂಟ್ ಬರುತ್ತದೆ. ಸೀನಿಯರ್ ಟೂರ್‌ನಲ್ಲಿ ಅದೇ ಹೊಡೆತ ತಿರುಗಿ ಬರುತ್ತದೆ. 9.75 ಮೀಟರ್ ಉದ್ದ, 6.4 ಮೀಟರ್ ಅಗಲದ ಕೋರ್ಟ್‌ನಲ್ಲಿ ನಡುವಿನ 'ಟಿ', ಅಂದರೆ ನೆಲದ ಗೆರೆಗಳು ಸೇರುವ ಜಾಗ, ಯಾರ ಕೈಯಲ್ಲಿದೆಯೋ ಅವರದೇ ಆಟ. ಅಲ್ಲಿ ನಿಲ್ಲಬೇಕೆಂದರೆ ಚೆಂಡು ಹಿಂದಿನ ಗೋಡೆ ತಲುಪುವ ಮೊದಲೇ ವಾಲಿ ಮಾಡಬೇಕು (ನೆಲಕ್ಕೆ ಬೀಳುವ ಮುಂಚೆಯೇ ಹೊಡೆಯಬೇಕು), ಸಿಕ್ಕಿಬಿದ್ದಾಗ ಎತ್ತರದ ಲಾಬ್ ಹಾಕಿ ಸಮಯ ಗಳಿಸಬೇಕು. ಇದನ್ನು ಕಲಿಯಲು ವರ್ಷಗಳೇ ಬೇಕು.

ಇನ್ನೊಂದು ತೊಡಕು ಚೆಂಡಿನದು. ಎರಡು ಹಳದಿ ಚುಕ್ಕೆಯ ಚೆಂಡು ಬಿಸಿಯಾದರೆ ಮಾತ್ರ ಪುಟಿಯುತ್ತದೆ. ಚೆನ್ನೈ ಸೆಕೆಯಲ್ಲಿ ಅದು ಹಿಂದಿನ ಗೋಡೆಯಿಂದ ಚೆನ್ನಾಗಿ ಎದ್ದು ಬರುತ್ತದೆ; ಯುರೋಪಿನ ಚಳಿಗಾಲದ ಕೋರ್ಟ್‌ನಲ್ಲಿ ಮೂಲೆಯಲ್ಲೇ ಸತ್ತು ಬೀಳುತ್ತದೆ. ಜೊತೆಗೆ ಟಿನ್, ಅಂದರೆ ಮುಂದಿನ ಗೋಡೆಯ ತಳದಲ್ಲಿ ಚೆಂಡು ತಾಗಬಾರದ ಪಟ್ಟಿ: ಅದರ ಎತ್ತರ ಕ್ಲಬ್ ಕೋರ್ಟ್‌ಗಳಲ್ಲಿ 19 ಇಂಚು, ಪ್ರೊ ಕೋರ್ಟ್‌ನಲ್ಲಿ 17. ಎರಡು ಇಂಚು ತಗ್ಗಿದರೆ ಎದುರಾಳಿಯ ಡ್ರಾಪ್ (ಮುಂದಿನ ಗೋಡೆಯ ಬಳಿಯೇ ಬೀಳುವ ಮೆತ್ತನೆಯ ಹೊಡೆತ) ಇನ್ನೂ ಕೆಳಗೆ ಬೀಳುತ್ತದೆ, ನಿಮ್ಮ ಲಂಜ್ (ಒಂದು ಕಾಲು ಮುಂದಿಟ್ಟು ಬಾಗುವುದು) ಇನ್ನೂ ಆಳಕ್ಕೆ ಹೋಗಬೇಕಾಗುತ್ತದೆ.

ಮೊಣಕಾಲು ಹಾಳಾಗುವುದು ಇಲ್ಲಿಯೇ. ಲಂಜ್‌ನಲ್ಲಿ ಮಂಡಿ ಪಾದದ ನೇರಕ್ಕೆ ಇರದೆ ಒಳಗೆ ವಾಲಿದರೆ ಪೆಟ್ಟಿನ ಅಪಾಯ ಹೆಚ್ಚು. ಸೊಂಟ ಮತ್ತು ಪೃಷ್ಠದ ಸ್ನಾಯು ದುರ್ಬಲವಾಗಿರುವುದು ಇದಕ್ಕೆ ದೊಡ್ಡ ಕಾರಣ. ಹುಡುಗಿಯರಿಗೆ ಹದಿನಾಲ್ಕರಿಂದಲೇ ಒಂಟಿ ಕಾಲಿನ ಸ್ಕ್ವಾಟ್, ಜಿಗಿದು ಇಳಿದು ನಿಲ್ಲುವ ಅಭ್ಯಾಸ ವಾರಕ್ಕೆ ಎರಡು ಬಾರಿಯಾದರೂ ಬೇಕು. ಬರೀ ಘೋಸ್ಟಿಂಗ್ (ಚೆಂಡಿಲ್ಲದೆ ಕೋರ್ಟ್‌ನಲ್ಲಿ ಓಡಾಡುವ ಅಭ್ಯಾಸ) ಮಾಡಿಸುವ ಕೋಚ್ ಸಾಲದು. ಜೋಶ್ನಾ ಕೂಡ ಮೊಣಕಾಲಿನ ಗಾಯದಿಂದ ಆಟದಿಂದ ಹೊರಗುಳಿಯಬೇಕಾಯಿತು. ಆಡದಿದ್ದರೆ ಹಳೆಯ ಪಾಯಿಂಟ್‌ಗಳು ಉದುರುತ್ತವೆ, ರ‍್ಯಾಂಕಿಂಗ್ ಕುಸಿಯುತ್ತದೆ, ಮತ್ತೆ ಸಣ್ಣ ಟೂರ್ನಿಗಳಿಂದ ಶುರು. ಆ ಟೂರ್ನಿಗಳ ಬಹುಮಾನದಲ್ಲಿ ವಿಮಾನದ ಟಿಕೆಟ್ ಹಣವೂ ಹುಟ್ಟುವುದು ಕಷ್ಟ. ಮಿತ್ತಲ್ ಚಾಂಪಿಯನ್ಸ್ ಟ್ರಸ್ಟ್‌ನಂಥ ನೆರವು ಆಕೆಗೆ ಸಿಕ್ಕಿತ್ತು. ಎಲ್ಲರಿಗೂ ಸಿಗುವುದಿಲ್ಲ, ಇದನ್ನು ಮುಚ್ಚಿಡಬಾರದು.

ತಾಳಿದ್ದಕ್ಕೆ ಸಿಕ್ಕಿದ್ದೇನು? 2017 ಮತ್ತು 2019ರಲ್ಲಿ ಏಷ್ಯನ್ ಚಾಂಪಿಯನ್. 2018ರ ಏಷ್ಯನ್ ಗೇಮ್ಸ್ ತಂಡ ಸೆಮಿಫೈನಲ್‌ನಲ್ಲಿ, ಎಂಟು ಬಾರಿಯ ವಿಶ್ವ ಚಾಂಪಿಯನ್ ನಿಕೋಲ್ ಡೇವಿಡ್ ವಿರುದ್ಧ ಐದು ಗೇಮ್‌ಗಳ ಗೆಲುವು. ಎರಡು ಗೇಮ್ ಮುಂದಿದ್ದು, ಮುಂದಿನ ಎರಡನ್ನು ಬಿಟ್ಟುಕೊಟ್ಟು, ಕೊನೆಯದನ್ನು 11-9ರಲ್ಲಿ ಗೆದ್ದ ಆ ಪಂದ್ಯ ನನ್ನ ದೃಷ್ಟಿಯಲ್ಲಿ ಯಾವ ಪದಕಕ್ಕೂ ಕಡಿಮೆಯಲ್ಲ. 2019ರಲ್ಲಿ ಭುವನೇಶ್ವರಿ ಕುಮಾರಿಯವರ 16 ರಾಷ್ಟ್ರೀಯ ಪ್ರಶಸ್ತಿಗಳ ದಾಖಲೆಯನ್ನೂ ದಾಟಿದರು. 2025ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಭಾರತ ಮೊದಲ ಬಾರಿ ವಿಶ್ವಕಪ್ ಗೆದ್ದಾಗ ತಂಡದಲ್ಲಿ 39ರ ಜೋಶ್ನಾ ಇದ್ದರು, 17ರ ಅನಾಹತ್ ಸಿಂಗ್ ಕೂಡ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸ್ಕ್ವಾಷ್ ಮೊದಲ ಬಾರಿ ಬರುತ್ತಿದೆ. ಅನಾಹತ್ ಒಂದು ಟೂರ್ನಿ ಸೋತರೆ ಕೂಡಲೇ ತೀರ್ಪು ಬರೆಯಲು ಹೊರಡುವವರು, ದಯವಿಟ್ಟು ಆಕೆಯ ವಯಸ್ಸನ್ನು ಇನ್ನೊಮ್ಮೆ ನೋಡಿ.