ಮೂರನೇ ಅಧ್ಯಾಯಕ್ಕೆ ಗೆರೆ ಇಲ್ಲ

ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಬದುಕು ಬದಲಾಯಿಸುವ ಪುಸ್ತಕಗಳಿಗೆಂದೇ ಬೇರೆ ಸಾಲಿದೆ. ಎಂಜಿನಿಯರಿಂಗ್ ಗೈಡುಗಳ ಗುಡ್ಡೆಯ ಪಕ್ಕದಲ್ಲಿ. ಕಳೆದ ತಿಂಗಳು ಅಲ್ಲಿ ನಿಂತು ಹನ್ನೊಂದು ಪುಸ್ತಕ ತಿರುವಿ ಹಾಕಿದೆ. ಎಲ್ಲದರಲ್ಲೂ ಒಂದೇ ಕಥೆ. ಮೊದಲ ಅಧ್ಯಾಯದಲ್ಲಿ ಸ್ಕೇಲ್ ಇಟ್ಟು ಎಳೆದ ಗೆರೆ, ಪಕ್ಕದಲ್ಲಿ ನಕ್ಷತ್ರ. ಒಬ್ಬ ಪುಣ್ಯಾತ್ಮ ‘ಇವತ್ತಿಂದಲೇ!!’ ಎಂದು ಬರೆದು ಜನವರಿ 1 ಎಂದು ತಾರೀಖು ಬೇರೆ ಹಾಕಿದ್ದ. ಎರಡನೇ ಅಧ್ಯಾಯಕ್ಕೆ ಸ್ಕೇಲ್ ಮಾಯ, ಗೆರೆ ಸೊಟ್ಟ. ಮೂರನೆಯದರ ಬಾಗಿಲಲ್ಲಿ ಒಂದು ಬಿಎಂಟಿಸಿ ಟಿಕೆಟ್ ಸಿಕ್ಕಿಸಿದೆ. ಅಲ್ಲಿಂದಾಚೆಗೆ ಹಾಳೆಗಳು ಈಗ ತಾನೇ ಬ್ಯಾಂಕಿನಿಂದ ತಂದ ನೋಟಿನ ಹಾಗೆ ಗರಿಗರಿ.

‘ಈ ಮಾಲು ಜನವರೀಲಿ ಹೋಗುತ್ತೆ ಸಾರ್, ಯುಗಾದಿ ಹೊತ್ತಿಗೆ ವಾಪಸ್ ಬರುತ್ತೆ’ ಎಂದರು ಅಂಗಡಿಯವರು. ಅವರು ಒಂದನ್ನೂ ಓದಿಲ್ಲವಂತೆ. ‘ಓದ್ತಾ ಕೂತ್ರೆ ವ್ಯಾಪಾರ ಯಾರು ಮಾಡ್ತಾರೆ?’

ನಾನೇನೂ ಸಾಚಾ ಅಲ್ಲ. ಮನೆಯಲ್ಲಿ ಇಂಥವು ಇಪ್ಪತ್ತೆರಡಿವೆ. ಅದರಲ್ಲಿ ಮೂರು, ಮನೆಯಲ್ಲಿ ಸಾಮಾನು ಕಡಿಮೆ ಮಾಡುವುದು ಹೇಗೆ ಎಂಬ ಬಗ್ಗೆ. ಇಡಲು ಜಾಗವಿಲ್ಲದೆ ಅವು ಫ್ರಿಜ್ ಮೇಲೆ ಕೂತಿವೆ.

ಈ ಪುಸ್ತಕಗಳ ಮೊದಲ ಆಜ್ಞೆ ನಿಮಗೂ ಗೊತ್ತು. ಬೆಳಗ್ಗೆ ಐದಕ್ಕೆ ಏಳು, ಉದ್ಧಾರ ಆಗುತ್ತೀಯ. ಹಾಗಿದ್ದರೆ ಬೆಂಗಳೂರಿನ ಅರ್ಧ ಆಸ್ತಿ ಕೆ.ಆರ್. ಮಾರ್ಕೆಟ್ಟಿನ ಹೂವಿನವರ ಹೆಸರಲ್ಲಿ ಇರಬೇಕಿತ್ತು. ಐದು ಗಂಟೆ ಅಂದರೆ ಅವರಿಗೆ ವ್ಯಾಪಾರ ಜೋರಾಗಿರುವ ಹೊತ್ತು. ಹಾಲಿನ ಪ್ಯಾಕೆಟ್ ಹಾಕುವ ಹುಡುಗನಿಗೆ ಇಂದಿರಾನಗರದಲ್ಲಿ ಎರಡು ಸೈಟು, ಪೇಪರ್ ಹಾಕುವವನಿಗೆ ಸದಾಶಿವನಗರದಲ್ಲಿ ಬಂಗಲೆ. ಕಾವೇರಿ ನೀರು ದಿನ ಬಿಟ್ಟು ದಿನ ನಸುಕಿನಲ್ಲಿ ಬರುವ ಬೀದಿಗಳಲ್ಲಂತೂ ಮನೆಗೊಬ್ಬ ಕೋಟ್ಯಧಿಪತಿ. ಸಂಪು ತುಂಬಿಸಲು ಯಾರಾದರೊಬ್ಬರು ಏಳಲೇಬೇಕಲ್ವಾ? ಪುಸ್ತಕದ ಐದು ಗಂಟೆಯಲ್ಲಿ ಧ್ಯಾನ, ಡೈರಿ, ನಿಂಬೆಹಣ್ಣಿನ ನೀರು ಇದೆ. ನಮ್ಮ ಐದು ಗಂಟೆಯಲ್ಲಿ ಮೋಟಾರಿನ ಸ್ವಿಚ್ಚು.

ಇನ್ನೊಂದು ಮಂತ್ರ 21 ದಿನದ್ದು. ಏನನ್ನೇ ಆಗಲಿ 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗಿಬಿಡುತ್ತದಂತೆ. ಇದರ ಬೇರು ಹಿಡಿದು ಹೋದರೆ ಸಿಗುವವರು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಮುಖ ಮೂಗು ಸರಿ ಮಾಡಿಸಿಕೊಂಡವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕು ಎಂದು 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಬರುವಾಗ ‘ಕಡಿಮೆ ಅಂದರೂ’ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಮೂಗೂ ಬಿದ್ದುಹೋಯಿತು. ಉಳಿದದ್ದು 21 ಮಾತ್ರ. ಎಷ್ಟೋ ವರ್ಷದ ಮೇಲೆ ಲಂಡನ್ನಿನ ಸಂಶೋಧಕರು 96 ಜನರನ್ನು ಇಟ್ಟುಕೊಂಡು ನಿಜಕ್ಕೂ ಲೆಕ್ಕ ಹಾಕಿದರು. ಸರಾಸರಿ 66 ದಿನ ಬಂತು. ಒಬ್ಬರಿಗೆ 18 ದಿನ ಸಾಕು, ಇನ್ನೊಬ್ಬರಿಗೆ 254 ಬೇಕು. ಈ 254ನ್ನು ಪುಸ್ತಕದ ಮುಖಪುಟದಲ್ಲಿ ಹಾಕಿದರೆ ಯಾರು ಕೊಳ್ಳುತ್ತಾರೆ? ಹಾಗಾಗಿ ಯಾರದೋ ಮೂಗಿನ ಲೆಕ್ಕ ತಂದು ನಮ್ಮ ಮೂಗಿಗೆ ತುಪ್ಪ ಸವರುತ್ತಲೇ ಇದ್ದಾರೆ.

ನಮ್ಮ ರಸ್ತೆಯ ತಿರುವಿನ ಗುಂಡಿಗೆ ಇಡೀ ಬೀದಿ ಒಗ್ಗಿಕೊಳ್ಳಲು ಮೂರೇ ದಿನ ಸಾಕಾಯಿತು ಅನ್ನೋದು ಬೇರೆ ಮಾತು. ಈಗ ಕತ್ತಲಲ್ಲೂ ಸ್ಕೂಟರ್ ತಾನಾಗಿ ಎಡಕ್ಕೆ ತಿರುಗುತ್ತದೆ.

ಪುಸ್ತಕವಾದರೆ ಮುಚ್ಚಿಡಬಹುದು. ಮೈಕ್ ಹಿಡಿದವರನ್ನು ಏನು ಮಾಡುವುದು? ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯವರು ಒಮ್ಮೆ ಟೈಮ್ ಮ್ಯಾನೇಜ್‌ಮೆಂಟ್ ಶಿಬಿರ ಇಟ್ಟರು. ಕೆಲಸ ಮತ್ತು ಮನೆ ಎರಡನ್ನೂ ತೂಗಿಸಿಕೊಂಡು ಹೋಗುವುದು ಹೇಗೆ ಎಂದು ಕಲಿಸಲು. ಯಾವತ್ತು? ಶನಿವಾರ, ರಜೆ ದಿನ. ಎಲ್ಲಿ? ಕನಕಪುರ ರಸ್ತೆಯ ಆ ತುದಿಯಲ್ಲಿ. ನಾನು ಯಲಹಂಕದಿಂದ ಹೊರಟು ಎರಡು ಗಂಟೆ ಹೆಣಗಾಡಿ ತಲುಪಿದರೆ ಗುರುಗಳೇ ಬಂದಿರಲಿಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ತಣ್ಣಗಾದ ಉಪ್ಪಿಟ್ಟಿನ ಮುಂದೆ ಒಂದೂಕಾಲು ಗಂಟೆ ಕಾದೆವು. ಬಂದವರೇ ಮೈಕ್ ಹಿಡಿದು ಹೇಳಿದರು: ‘ಟ್ರಾಫಿಕ್ ನಮ್ಮ ಕೈಯಲ್ಲಿಲ್ಲ. ಟ್ರಾಫಿಕ್ಕಿಗೆ ನಾವು ಹೇಗೆ ಪ್ರತಿಕ್ರಿಯಿಸುತ್ತೇವೆ ಅನ್ನೋದು ನಮ್ಮ ಕೈಯಲ್ಲಿದೆ.’ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಎಚ್‌ಆರ್‌ನವರು ನೋಡುತ್ತಿದ್ದರು. ಎರಡೇ ನಿಮಿಷಕ್ಕೆ ಮೈಕ್ ಕೀಚ್ ಅಂದಿತು. ಅದಕ್ಕೆ ಅವರು ಮೈಕಿನ ಹುಡುಗನ ಮೇಲೆ ಪ್ರತಿಕ್ರಿಯಿಸಿದ ರೀತಿಯನ್ನು ಇಲ್ಲಿ ಬರೆಯುವಂತಿಲ್ಲ.

ನನಗೆ ಮೈ ಉರಿಯುವುದು ಇಲ್ಲೇ. ರಸ್ತೆ ಸರಿ ಮಾಡಬೇಕಾದವರು ಮಾಡಲಿಲ್ಲ. ಬಸ್ಸು ಹೊತ್ತಿಗೆ ಬರಲಿಲ್ಲ. ಶನಿವಾರದ ರಜೆಯೂ ಹೋಯಿತು. ಆದರೆ ದೀರ್ಘವಾಗಿ ಉಸಿರು ಎಳೆದು ಬಿಡಬೇಕಾದವನು ಮಾತ್ರ ನಾನು. ಅದೂ ಸಿಲ್ಕ್ ಬೋರ್ಡಿನ ಗಾಳಿಯನ್ನು.

ಇಷ್ಟೆಲ್ಲ ಬೈದ ಮೇಲೆ ಒಂದು ಒಪ್ಪಿಕೊಳ್ಳಬೇಕು. ಆ ಇಪ್ಪತ್ತೆರಡರಲ್ಲಿ ಒಂದು ಪುಸ್ತಕ ನನ್ನನ್ನು ನಿಜಕ್ಕೂ ತಿದ್ದಿತು. ವಸ್ತು ಕಳೆದುಹೋಗಬಾರದು ಎಂದರೆ ಅದಕ್ಕೊಂದು ಖಾಯಂ ಜಾಗ ಕೊಡಿ ಎಂದು ಅದರಲ್ಲಿತ್ತು. ಮರುದಿನವೇ ಬಾಗಿಲ ಹಿಂದೆ ಮೊಳೆ ಹೊಡೆದು ಸ್ಕೂಟರ್ ಕೀ ನೇತುಹಾಕಿದೆ. ಅವತ್ತಿನಿಂದ ಒಂದು ದಿನವೂ ಹುಡುಕಿಲ್ಲ. ಅಮ್ಮ ಬಂದವರು ಮೊಳೆ ನೋಡಿ ನನ್ನ ಮುಖ ನೋಡಿದರು. ‘ಕೀ ಮೊಳೆಗೆ ಹಾಕೋ’ ಎಂದು ಮೂವತ್ತು ವರ್ಷದಿಂದ ಬಿಟ್ಟಿಯಾಗಿ ಹೇಳುತ್ತಾ ಬಂದವರು ಅವರೇ. ಹಿತ್ತಲ ಗಿಡ ಮದ್ದಲ್ಲ. ಮದ್ದಾಗಬೇಕಾದರೆ ಅದಕ್ಕೆ 450 ರೂಪಾಯಿ ಬೆಲೆ ಅಚ್ಚಾಗಿರಬೇಕು.

ಬುದ್ಧಿ ಹೇಳುವವರಿಗೆ ನಮ್ಮಲ್ಲೇನು ಬರವೇ? ಡಿವಿಜಿ 1943ರಲ್ಲಿ ಕಗ್ಗ ತಂದಾಗ ಮಂಕುತಿಮ್ಮ ಎಂಬ ಹೆಸರನ್ನು ತಾವೇ ಹೊತ್ತುಕೊಂಡರು. ಈಗಿನವರು ಆ ಪಟ್ಟವನ್ನು ಓದುಗನಿಗೆ ಬಿಟ್ಟುಕೊಟ್ಟಿದ್ದಾರೆ.

ಅಂದಹಾಗೆ, ಈ ಜಾತಿಯ ಪುಸ್ತಕಗಳಿಗೆ ಹೆಸರು ಅಂಟಿದ್ದು ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬ ಸ್ಕಾಟ್ಲೆಂಡಿನವರಿಂದ. 1859ರಲ್ಲಿ ‘ಸೆಲ್ಫ್ ಹೆಲ್ಪ್’ ಬರೆದರು. ಒಂದೇ ವರ್ಷದಲ್ಲಿ 20,000 ಪ್ರತಿ ಹೋಯಿತು. ನಿನಗೆ ನೀನೇ ದಿಕ್ಕು ಅನ್ನೋದು ಅದರ ಸಾರ. ಅದೇ ಪದ ಕನ್ನಡಕ್ಕೆ ಬಂದು ಸ್ವಸಹಾಯ ಆಯಿತು, ಬೆನ್ನಿಗೆ ‘ಸಂಘ’ ಅಂಟಿಕೊಂಡಿತು. ಅಷ್ಟಕ್ಕೇ ಅರ್ಥ ತಲೆಕೆಳಗಾಯಿತು. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಸಂಘದಲ್ಲಿ ಹದಿನಾಲ್ಕು ಜನ ಇದ್ದಾರೆ. ವಾರಕ್ಕೆ ನೂರು ರೂಪಾಯಿ ಉಳಿತಾಯ. ಒಬ್ಬರು ಕಂತು ತಪ್ಪಿಸಿದರೆ ಉಳಿದ ಹದಿಮೂರು ಜನ ಬಾಗಿಲಿಗೆ ಬರುತ್ತಾರೆ. ನನ್ನ ಇಪ್ಪತ್ತೆರಡು ಪುಸ್ತಕಗಳಲ್ಲಿ ಒಂದಾದರೂ ಎದ್ದು ಬಂದು ಬಾಗಿಲು ತಟ್ಟಿದ್ದು ನೆನಪಿಲ್ಲ.

ಹಾಗಂತ ಆಕೆಯನ್ನು ದೇವತೆ ಮಾಡುವುದೂ ಬೇಡ. ದಿನಾ ಬೆಳಗ್ಗೆ ಆರಕ್ಕೆ ಗುಲಾಬಿ ಹೂವಿನ ಮೇಲೆ ಸುಭಾಷಿತ ಬರೆದ ಚಿತ್ರವನ್ನು ವಾಟ್ಸಾಪಿನಲ್ಲಿ ತಪ್ಪದೆ ಕಳಿಸುತ್ತಾರೆ. ಕಳಿಸದಿದ್ದ ದಿನ ಕೆಲಸಕ್ಕೆ ರಜೆ ಎಂದು ನಮಗೆ ಅರ್ಥವಾಗುತ್ತದೆ.

ಅವೆನ್ಯೂ ರಸ್ತೆಯಿಂದ ಅವತ್ತು ಬರಿಗೈಲಿ ಬರಲಿಲ್ಲ. ಗೆರೆಯಿಲ್ಲದ ಒಂದು ಸಿಕ್ಕಿತು, ಕನ್ನಡ ಅನುವಾದ, ತೊಂಬತ್ತು ರೂಪಾಯಿ. ಆಕೆ ಮೇಜು ಒರೆಸುವಾಗ ಅದನ್ನು ಕೈಗೆತ್ತಿಕೊಂಡು, ‘ಇದನ್ನ ನನ್ನ ಮಗನಿಗೆ ಕೊಡ್ಲಾ? ಪಿಯುಸಿ ಎರಡನೇ ವರ್ಷ’ ಎಂದರು. ಕೊಟ್ಟೆ. ಹದಿನೈದು ದಿನ ಬಿಟ್ಟು ಕೇಳಿದೆ, ‘ಓದಿದ್ನಾ?’

‘ಓದ್ದ. ಎರಡನೇ ಪಾಠದ ತನಕ ಪೂರ್ತಿ ಗೆರೆ ಹಾಕವ್ನೆ.’

‘ಐದು ಗಂಟೆಗೆ ಏಳ್ತಾನಾ ಈಗ?’

‘ಏಳ್ತಾನಲ್ಲ! ನಾನು ನಾಲ್ಕೂಮುಕ್ಕಾಲಿಗೆ ಎದ್ದು ಎಬ್ಬಿಸ್ತೀನಿ.’