ದಿನದ ದುಡಿಮೆಗೆ ಹೊಂದುವ ಕಂತು

ಕಡಿಮೆ ಆದಾಯದ ಜನರಿಗಾಗಿ ಹೊಸ ವಸ್ತುವನ್ನು ರೂಪಿಸಹೊರಟವರು ಸಾಮಾನ್ಯವಾಗಿ ಮೊದಲು ಬೆಲೆ ಇಳಿಸಲು ನೋಡುತ್ತಾರೆ. ಈ ಕ್ರಮದ ಬಗ್ಗೆ ನನಗೆ ಗಂಭೀರವಾದ ತಕರಾರಿದೆ. ಕೊಳ್ಳುವವರ ಕೈಗೆ ಹಣ ಯಾವಾಗ ಬರುತ್ತದೆ, ಎಷ್ಟೆಷ್ಟಾಗಿ ಬರುತ್ತದೆ, ವಸ್ತು ಕೆಟ್ಟರೆ ರಿಪೇರಿಗೆ ಯಾರು ಸಿಗುತ್ತಾರೆ ಎಂದು ವಿಚಾರಿಸದೆ ಇಳಿಸಿದ ಬೆಲೆ ಎಷ್ಟೋ ಸಲ ಯಾರ ಉಪಯೋಗಕ್ಕೂ ಬರುವುದಿಲ್ಲ.

ಸೌರದೀಪದ ಉದಾಹರಣೆಯನ್ನೇ ನೋಡಿ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಸೌರದೀಪಗಳನ್ನು ಮಾರುವ ಸೆಲ್ಕೊ ಸಂಸ್ಥೆಯನ್ನು ಕಟ್ಟುವ ಹೊತ್ತಿಗೆ ಸೌರಫಲಕ, ಬ್ಯಾಟರಿ, ದೀಪ ಎಲ್ಲವೂ ಮಾರುಕಟ್ಟೆಯಲ್ಲಿದ್ದವು. ಆದರೆ ಸೀಮೆಎಣ್ಣೆಯನ್ನು ಕೈಯಲ್ಲಿದ್ದ ಕಾಸಿಗೆ ತಕ್ಕಷ್ಟು ಕೊಳ್ಳಬಹುದಾಗಿದ್ದರೆ, ಸೌರದೀಪಕ್ಕೆ ಹಲವು ವರ್ಷಗಳ ಬೆಳಕಿನ ಖರ್ಚನ್ನು ಒಂದೇ ದಿನ ಎಣಿಸಿಕೊಡಬೇಕಿತ್ತು. ಸೆಲ್ಕೊ ಗ್ರಾಹಕರನ್ನು ಬ್ಯಾಂಕಿನ ಸಾಲಕ್ಕೆ ಜೋಡಿಸಿ, ಕಂತನ್ನು ಅವರ ಗಳಿಕೆಯ ಲಯಕ್ಕೆ ಹೊಂದಿಸಿತು: ರೈತನಿಗೆ ಫಸಲು ಕೈಗೆ ಬಂದ ಮೇಲೆ, ತಳ್ಳುಗಾಡಿಯ ವ್ಯಾಪಾರಿಗೆ ದಿನದ ವ್ಯಾಪಾರ ಮುಗಿದ ಮೇಲೆ. ತಿಂಗಳಿಗೆ 300 ರೂಪಾಯಿಯೂ ದಿನಕ್ಕೆ 10 ರೂಪಾಯಿಯೂ ಲೆಕ್ಕದಲ್ಲಿ ಒಂದೇ ಆದರೂ, ಸಂಜೆಯ ಗಳಿಕೆಯಲ್ಲಿ ಮರುದಿನದ ತರಕಾರಿ ಕೊಳ್ಳುವವರಿಗೆ ಅವೆರಡರ ನಡುವಿನ ವ್ಯತ್ಯಾಸ ಬಹಳ ದೊಡ್ಡದು.

ನಮ್ಮ ಕರಾವಳಿಗೆ ಈ ತಿಳಿವಳಿಕೆ ಹೊಸದಲ್ಲ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯು 1928ರಲ್ಲೇ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಏಜೆಂಟರ ಮೂಲಕ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಲ್ಲೇ ಸಂಗ್ರಹಿಸುತ್ತಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2003ರಲ್ಲಿ ಸೌರದೀಪಗಳಿಗೆ ಸಾಲ ಕೊಡಿಸುವ ಯೋಜನೆಯನ್ನು ತಂದಾಗ ಅದರಲ್ಲಿ ಪಾಲುಗೊಂಡದ್ದು ಇದೇ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್. ಸೌರದೀಪದ ಕಥೆಯಲ್ಲಿ ಫಲಕದ ತಂತ್ರಜ್ಞಾನಕ್ಕಿಂತ ಈ ಬ್ಯಾಂಕುಗಳ ಪಾತ್ರವೇ ಹೆಚ್ಚು ಅಧ್ಯಯನಯೋಗ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಂಗಳೂರಿನಲ್ಲಿ ಜಿಇ ಕಂಪನಿಯ ಎಂಜಿನಿಯರುಗಳು ರೂಪಿಸಿದ, ಹೃದಯದ ಬಡಿತವನ್ನು ದಾಖಲಿಸುವ ಮ್ಯಾಕ್ 400 ಇಸಿಜಿ ಯಂತ್ರವೂ ಬಳಕೆಯ ಜಾಗದಿಂದಲೇ ಹುಟ್ಟಿದ ವಿನ್ಯಾಸ. ಕರೆಂಟು ನಂಬುವಂತಿಲ್ಲದ ಊರುಗಳಿಗಾಗಿ ಅದಕ್ಕೆ ಬ್ಯಾಟರಿ ಇತ್ತು. ಟಿಕೆಟ್ ಯಂತ್ರಗಳಲ್ಲಿ ಬಳಸುವಂಥ ಪುಟ್ಟ ಪ್ರಿಂಟರನ್ನೇ ಅಳವಡಿಸಿದ್ದರಿಂದ ಬೆಲೆಯೂ ತೂಕವೂ ಇಳಿದವು. ಇದಕ್ಕೆ ಹೋಲಿಸಿದರೆ, 2008ರಲ್ಲಿ ಒಂದು ಲಕ್ಷ ರೂಪಾಯಿಯ ಕಾರೆಂದೇ ಜಗತ್ತಿನ ಗಮನ ಸೆಳೆದ ಟಾಟಾ ನ್ಯಾನೊದ ತಯಾರಿಕೆ ಹತ್ತು ವರ್ಷಗಳಲ್ಲಿ ನಿಂತೇಹೋಯಿತು. ಅದರ ಎಂಜಿನಿಯರುಗಳ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಕಾರು ಕೊಳ್ಳುವ ಕುಟುಂಬ ಅದರ ಜೊತೆಗೆ ಒಂದಿಷ್ಟು ಮರ್ಯಾದೆಯನ್ನೂ ಬಯಸುತ್ತದೆ, ಅಗ್ಗದ ಕಾರು ಎಂಬ ಪ್ರಚಾರ ಅದನ್ನೇ ಕಸಿದುಕೊಂಡಿತು.

ಸರ್ಕಾರದ ಖರೀದಿಗಳಲ್ಲಿ ಅತಿ ಕಡಿಮೆ ದರ ನಮೂದಿಸಿದವರಿಗೇ ಟೆಂಡರು ಒಪ್ಪಿಸುವ ರೂಢಿ ಇರುವುದರಿಂದ ಈ ವಿಷಯ ನನಗೆ ಮುಖ್ಯವೆನಿಸುತ್ತದೆ. ಸೌರದೀಪದ ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಲೇಬೇಕು. ಅದನ್ನು ಯಾರು ಬದಲಿಸಬೇಕು, ಎಷ್ಟು ದಿನಗಳೊಳಗೆ ಬದಲಿಸಬೇಕು, ಅದರ ಖರ್ಚು ಯಾರ ಹೆಗಲಿಗೆ ಎಂಬುದು ದರದ ಪಕ್ಕದಲ್ಲೇ ಟೆಂಡರಿನ ಷರತ್ತಾಗಿ ಬರಬೇಕು.